ಭಾಗಿ ಅಕ್ಕನ ಕೋಣೆಗೆ ಸಿಗದ ಸಾಲ

೨೦೦೪ನೆಯ ಇಸವಿ ಜುಲೈ ೧೫, ಗುರುವಾರ. ತಾರಣ ಸಂವತ್ಸರದ ಆಷಾಢ ಬಹುಳ ತ್ರಯೋದಶಿ. ಆಧಾರಗಳು ಮೂರು: ಕೊಪ್ಪದ ಒಂದು ಬ್ಯಾಂಕಿನಿಂದ ನನ್ನ ಹೆಸರಿಗೆ ಬಂದ ಒಂದು ಪುಟದ ಪತ್ರ, ಆ ವರ್ಷದ ನನ್ನ ದಿನಚರಿ, ತಿಥಿಯನ್ನು ತಾಳೆ ನೋಡಲು ಆ ವರ್ಷದ ಪಂಚಾಂಗ. ಆ ದಿನ ಧಾರಾಕಾರ ಮಳೆ ಸುರಿಯುತ್ತಿತ್ತೆಂದು ನಾನು ಅನೇಕರಿಗೆ ಹೇಳಿದ್ದೇನೆ. ದಿನಚರಿಯಲ್ಲಿ ಇರುವುದು ಬೇರೆ: "ಬೆಳಗಿನಿಂದ ಹೊಳವು. ಸುಮತಿ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಳು. ಹನ್ನೊಂದೂವರೆಗೆ ಅಂಚೆ." ಆದ್ದರಿಂದ ಮಳೆಯನ್ನು ಇಲ್ಲಿಂದ ತೆಗೆದುಹಾಕುತ್ತೇನೆ. ಪತ್ರ ಬಂದದ್ದು ಬಿಸಿಲಿನಲ್ಲಿ.

ಪತ್ರ ಅಚ್ಚಾದ ನಮೂನೆ. ಎರಡು ಕಡೆ ಖಾಲಿ ಬಿಟ್ಟ ಜಾಗದಲ್ಲಿ ಶಾಯಿಯಿಂದ ತುಂಬಿದ್ದಾರೆ. ಮನೆಯನ್ನು ಅಡವಿಟ್ಟು ನಾನು ಮೊದಲೇ ಪಡೆದಿದ್ದ ಸಾಲದ ಮೇಲೆ ಹೆಚ್ಚುವರಿಯಾಗಿ ಕೇಳಿದ್ದ ಅರವತ್ತು ಸಾವಿರ ರೂಪಾಯಿಯನ್ನು, ಅರ್ಜಿದಾರನ ವರಮಾನ ಸಾಲದ ಕಾರಣ, ಮಂಜೂರು ಮಾಡಲು ಬರುವುದಿಲ್ಲ ಎಂಬುದು ಅದರ ಸಾರಾಂಶ.

ಈ ಕಾಗದವನ್ನು ಇಷ್ಟು ವರ್ಷಗಳ ಮೇಲೆ ಹೊರತೆಗೆದದ್ದಕ್ಕೆ ಕಾರಣವೊಂದಿದೆ. ಕಳೆದ ಕಾರ್ತಿಕದಲ್ಲಿ ಶೃಂಗೇರಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುತ್ತಿದ್ದಾಗ ಯಾವುದೋ ಮನೆಯ ಹಿತ್ತಿಲಿನಿಂದ ಕೊತ್ತಂಬರಿ, ಮೆಂತೆ ಹುರಿಯುವ ವಾಸನೆ ಬಂತು. ನಾನು ರಸ್ತೆಯಲ್ಲಿಯೇ ನಿಂತುಬಿಟ್ಟೆ. ಹಿಂದಿದ್ದ ಯಾತ್ರಿಕರೊಬ್ಬರು, "ಸ್ವಲ್ಪ ಬದಿಗೆ ನಿಲ್ಲಿ ಯಜಮಾನ್ರೆ" ಎಂದು ಗದರಿಕೊಂಡು ಮುಂದೆ ಹೋದರು. ಅದು ನನ್ನ ಅಕ್ಕನ ಸಾರಿನ ಪುಡಿಯ ವಾಸನೆ. ಅಂದೇ ಮನೆಗೆ ಬಂದು ಕಡತ ತೆಗೆದೆ.

ಅಕ್ಕನ ಹೆಸರು ಭಾಗೀರಥಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ನನ್ನನ್ನು ಬೆಳೆಸಿದವಳು ಭಾಗಿ ಅಕ್ಕ. ಮದುವೆಯಾಗಿ ಹೋದವಳು ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಹಿಂತಿರುಗಿದಳು. ಶೃಂಗೇರಿಯಲ್ಲಿ ಯಾತ್ರಿಕರು ಇಳಿದುಕೊಳ್ಳುವ ವಸತಿಗೃಹವೊಂದರ ಅಡುಗೆಮನೆಗೆ ಸೇರಿ, ಅದರ ಹಿಂದಿನ ಸಣ್ಣ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದಳು. ನನ್ನ ಎಂ.ಎ. ಓದು ಪೂರ್ತಿಯಾಗಿ ಅವಳ ಸೌಟಿನಿಂದ ಬಂದದ್ದು. ಇದಕ್ಕೆ ದಾಖಲೆಯಿಲ್ಲ, ಬೇಕಾಗಿಯೂ ಇಲ್ಲ.

ಅವಳಿಗೆ ಮಡಿ ಬಹಳ. ಸ್ನಾನ ಮಾಡಿ, ತಾನೇ ಒಗೆದು ಒಣಗಿಸಿದ ಸೀರೆಯುಟ್ಟು, ತನ್ನದೇ ಒಲೆಯಲ್ಲಿ ಬೇಯಿಸಿದ್ದನ್ನು ಮಾತ್ರ ಉಣ್ಣುತ್ತಿದ್ದಳು. ವಸತಿಗೃಹದ ನೂರು ಮಂದಿಗೆ ಬಡಿಸಿದ ಮೇಲೂ ತನ್ನ ಅನ್ನಕ್ಕೆ ಬೇರೆ ಚಿಕ್ಕ ಪಾತ್ರೆ, ಮೂಲೆಯಲ್ಲಿ ಬೇರೆ ಒಲೆ. ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತಿತ್ತು. ತಿಂಗಳ ಮೂರು ದಿನ ಹೊರಗೆ ಕೂರುವ ಪದ್ಧತಿಯನ್ನು ನನ್ನ ಹೆಂಡತಿ ಸುಮತಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಕ್ಕ ಅದನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ಕೊಪ್ಪಕ್ಕೆ ಬಂದರೆ ಬಾಳೆಹಣ್ಣು, ಹಾಲು ತೆಗೆದುಕೊಂಡು ಸಂಜೆಯ ಬಸ್ಸಿಗೆ ಮರಳುತ್ತಿದ್ದಳು, ಅಷ್ಟೆ.

ಆ ವರ್ಷ ಯುಗಾದಿಯ ನಂತರ, ಅಕ್ಷಯ ತದಿಗೆಗೆ ಮೊದಲು (ದಿನಚರಿಯಲ್ಲಿ ದಿನಾಂಕ ಬಿಟ್ಟುಹೋಗಿದೆ), ವಸತಿಗೃಹದ ಯಜಮಾನರು ಅಡುಗೆಮನೆಯನ್ನು ಮುಚ್ಚುವುದಾಗಿ ತಿಳಿಸಿದರು. ಜುಲೈ ಕೊನೆಯವರೆಗೆ ಅಕ್ಕ ಇರಬಹುದು. ಆಮೇಲೆ ಅಡುಗೆಮನೆ, ಅವಳ ಕೋಣೆ ಎರಡನ್ನೂ ಒಡೆದು ಬಾಡಿಗೆ ಕೋಣೆಗಳನ್ನು ಮಾಡುವುದೆಂದು ತೀರ್ಮಾನವಾಗಿತ್ತು. ಸುದ್ದಿ ಕೇಳಿ ನಾನು ಹೋದಾಗ ಅವಳು ಮಂಗಳೂರು ಸೌತೆ ಹೆಚ್ಚುತ್ತಿದ್ದಳು.

"ಎಂತ ಮಾಣಿ, ಮುಖ ಹೀಗೆ ಮಾಡ್ಕೊಂಡಿದ್ದಿ? ತಾಳೆಗರಿ ತಿಂದ್ಯಾ?" ಎಂದಳು. ನನಗಾಗ ನಲವತ್ತೇಳು ವರ್ಷ. ಆದರೂ ಅವಳ ಬಾಯಲ್ಲಿ ನಾನು ಮಾಣಿಯೇ.

"ಅಡುಗೆಮನೆ ಮುಚ್ತಾರಂತಲ್ಲೇ ಅಕ್ಕ."

"ಮುಚ್ಲಿ. ಮಠದಲ್ಲಿ ಪುಕ್ಕಟೆ ಊಟ ಸಿಗೋವಾಗ ಇಲ್ಲಿ ದುಡ್ಡು ಕೊಟ್ಟು ಉಣ್ಲಿಕ್ಕೆ ಜನಕ್ಕೆ ಹುಚ್ಚಾ? ಇಷ್ಟು ದಿನ ನಡೆದದ್ದೇ ಹೆಚ್ಚು."

"ಆಮೇಲೆ ನೀನು?"

"ತುಂಗೆಯ ಮೀನಿಗೆ ಮಂಡಕ್ಕಿ ತಿಂದು ತಿಂದು ಬೇಜಾರಾಗಿದೆಯಂತೆ. ಅವಕ್ಕೆ ಸಾರು ಮಾಡಿ ಹಾಕ್ತೆ."

ನಾನು ನಗಲಿಲ್ಲ. ನಮ್ಮ ಮನೆಯ ಹಿಂಭಾಗದಲ್ಲಿ ಹತ್ತಡಿ ಹನ್ನೆರಡಡಿ ಜಾಗವಿತ್ತು. ಅಲ್ಲಿ ಅವಳಿಗೊಂದು ಕೋಣೆ, ಕೋಣೆಯೊಳಗೇ ಬೇರೆ ಒಲೆ, ಬೇರೆ ನಲ್ಲಿ, ಹಿತ್ತಿಲಿಗೆ ಬೇರೆ ಬಾಗಿಲು ಮಾಡಿಸುತ್ತೇನೆಂದೆ. ಅವಳ ಕೈ ಒಂದು ಗಳಿಗೆ ನಿಂತಿತು. ಸೌತೆಯ ತಿರುಳನ್ನು ನಾಲಗೆಗೆ ತಾಗಿಸಿ ಕಹಿಯಿದೆಯೇ ಎಂದು ನೋಡಿ, "ಆಗ್ಲಿ" ಎಂದಳು. ಅಷ್ಟೇ ಮಾತು.

ಮನೆಯ ವಿಷಯ ಸ್ವಲ್ಪ ಹೇಳಬೇಕು. ೨೦೦೦ದಲ್ಲಿ, ಅದೇ ಬ್ಯಾಂಕಿನ ಸಾಲದಿಂದ, ಕೊಪ್ಪದ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ತಾರಸಿ ಮನೆಯನ್ನು ಕಟ್ಟಿಸಿದ್ದೆ. ಹಸ್ತಪ್ರತಿಗಳ ಸೂಚಿ ತಯಾರಿಸುವ ಯೋಜನೆಯೊಂದರಲ್ಲಿ ನಾನು ಸಂಶೋಧನ ಸಹಾಯಕ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಮನೆಗಳ ಅಟ್ಟದಿಂದ ಓಲೆಗರಿಗಳನ್ನು ಇಳಿಸಿ, ಧೂಳು ಒರೆಸಿ, ಮೊದಲ ಗರಿ ಕೊನೆಯ ಗರಿ ಓದಿ, ಕಾಲ ನಿರ್ಣಯಿಸುವುದು ನನ್ನ ಕೆಲಸ. ತಿಂಗಳಿಗೆ ನಾಲ್ಕು ಸಾವಿರದ ಎಂಟುನೂರು ಗೌರವಧನ. ವರ್ಷ ವರ್ಷವೂ ಮಾರ್ಚಿನಲ್ಲಿ ಆದೇಶ ನವೀಕರಣವಾಗಬೇಕು. ಸಾಲದ ಕಂತು ಹೋಗಿ ಉಳಿದದ್ದರಲ್ಲಿ ಮೂವರ ಜೀವನ. ಮಗಳು ಶಾರದೆ ಆಗ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತ, ಒಂದು ವಿದ್ಯಾರ್ಥಿನಿಲಯದಲ್ಲಿ ಊಟ ವಸತಿ ಉಚಿತವಾಗಿ ಪಡೆಯುತ್ತಿದ್ದಳು.

ಮೇ ೩೦, ಭಾನುವಾರ. (ದಿನಚರಿ: "ಅಕ್ಕ ಜಾಗ ನೋಡಲು ಬಂದಳು.") ನಾನು ಹಿಂದಿನ ಸಂಜೆಯೇ ನಾಲ್ಕು ಗೂಟ ಹೊಡೆದು, ಹಗ್ಗ ಎಳೆದು, ಬಾಗಿಲು ಕಿಟಕಿಗಳ ಸ್ಥಾನಕ್ಕೆ ಚಿಕ್ಕ ಗೂಟಗಳನ್ನು ಊರಿದ್ದೆ. ಅಕ್ಕ ಚಪ್ಪಲಿಯನ್ನು ಹಗ್ಗದ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಳು. ಗೋಡೆಯೇ ಇಲ್ಲದ ಕೋಣೆಗೆ ಬಾಗಿಲಿನಿಂದಲೇ ಪ್ರವೇಶಿಸಿದಳು. ಹೆಜ್ಜೆಯಿಂದ ಉದ್ದ ಅಳೆದಳು, ಅಗಲ ಅಳೆದಳು.

"ಕಿಟಕಿ ಇಲ್ಲಿ ಬೇಡ. ನಿಮ್ಮ ಬಚ್ಚಲ ಹೊಗೆ ಸೀದಾ ನನ್ನ ಅನ್ನಕ್ಕೆ ಬೀಳ್ತು" ಎಂದು ತಾನೇ ಬಗ್ಗಿ ಗೂಟ ಕಿತ್ತು ಎರಡು ಮೊಳ ಆಚೆ ಊರಿದಳು.

ಸುಮತಿ ಹಾಲು ತಂದವಳು ಹಗ್ಗದಾಚೆ ನಿಂತಳು. "ಅತ್ತಿಗೆ, ನಾನೀಗ ಒಳಗೆ ಬರ್ಬಹುದಾ, ಇಲ್ಲ ಈಗಿಂದ್ಲೇ ಮಡಿಯಾ?"

"ಗೋಡೆ ಏಳೋವರೆಗೆ ಬಾ. ಆಮೇಲೆ ಕೇಳ್ಕೊಂಡು ಬಾ."

"ಒಂದು ಸೌಟು ಸಾರಾದ್ರೂ ಈಚೆ ಬರ್ತದೋ ಇಲ್ವೋ?"

"ಈರುಳ್ಳಿ ಇಲ್ಲದ ಸಾರು ನಿನ್ನ ಗಂಟಲಲ್ಲಿ ಇಳೀತಾ?"

"ನನ್ನ ಪಾಲಿಗೆ ನಾನು ಹಾಕ್ಕೊಳ್ತೀನಿ."

"ಬಾಗಿಲಾಚೆ ಹಾಕ್ಕೋ ಮಾರಾಯ್ತಿ."

ಇಬ್ಬರೂ ನಕ್ಕರು. ಅಕ್ಕ ಹಗ್ಗದೊಳಗೇ ಕುಳಿತು ಹಾಲು ಕುಡಿದಳು. ಒಲೆ ಎಲ್ಲಿ ಬರಬೇಕೆಂದು ಕೇಳಿದ್ದಕ್ಕೆ ತಾನು ಕೂತಲ್ಲೇ ಅಂಗೈಯಿಂದ ನೆಲ ತಟ್ಟಿ ತೋರಿಸಿದಳು. ಅವಳ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಹಿಂದೆ ಕಂಡದ್ದು ಒಂದೇ ಸಲ, ನನ್ನ ಎಂ.ಎ. ಫಲಿತಾಂಶ ಬಂದ ದಿನ. ಅದು ನನ್ನ ಗ್ರಹಿಕೆ, ಪ್ರಮಾಣವಿಲ್ಲ.

ಆಷಾಢದಲ್ಲಿ ಹೊಸ ಕೆಲಸ ತೊಡಗುವಂತಿಲ್ಲ. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣವೂ ಬರುತ್ತಿತ್ತು. ಜೂನ್ ೧೭ರೊಳಗೆ ಗುದ್ದಲಿ ಪೂಜೆಯನ್ನಾದರೂ ಮಾಡಿಬಿಡಬೇಕೆಂಬ ಆತುರದಲ್ಲಿ ನಾನು ಅರ್ಜಿಯನ್ನು ಸಿದ್ಧಪಡಿಸಿದೆ. ಬ್ಯಾಂಕಿನವರು ಕೇಳಿದ್ದು ಮೂರು ಕಾಗದ: ಅರ್ಜಿ, ಗೌರವಧನದ ಪ್ರಮಾಣಪತ್ರ, ಕೋಣೆಯ ನಕ್ಷೆ. ನಾನು ಕೊಟ್ಟದ್ದು ಹದಿನಾಲ್ಕು. ಹಸ್ತಪ್ರತಿ ಸಂಪುಟಕ್ಕೆ ಮಾಡುವಂತೆಯೇ, ಮನೆಯಲ್ಲಿದ್ದ ಸಂಬಂಧಪಟ್ಟ ಕಾಗದಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ, ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ವಿಷಯಸೂಚಿ ಬರೆದು, ದಾರದಿಂದ ಹೊಲಿದೆ. ಯಾವ ಕಾಗದವನ್ನೂ ಮರೆಮಾಡಬಾರದೆಂಬುದು ನನ್ನ ಕಸುಬಿನ ಮೊದಲ ಪಾಠ. ಬೇಕಾದ ಗರಿಯನ್ನಿಟ್ಟು ಬೇಡದ್ದನ್ನು ಬಿಟ್ಟ ಸಂಪಾದಕರನ್ನು ನಾನು ಲೇಖನಗಳಲ್ಲಿ ಕಟುವಾಗಿ ಟೀಕಿಸಿದ್ದೆ.

ಒಂಬತ್ತನೆಯ ಪುಟ ಒಂದು ಆದಾಯ ಪ್ರಮಾಣಪತ್ರ.

ಅದು ಹಿಂದಿನ ವರ್ಷದ್ದು, ಶಾರದೆಯ ವಿದ್ಯಾರ್ಥಿನಿಲಯಕ್ಕಾಗಿ ಪಡೆದದ್ದು. ಅದಕ್ಕೆ ಆಧಾರವಾಗಿ ನಾನೇ ಒಂದು ಘೋಷಣೆ ಬರೆದುಕೊಡಬೇಕಿತ್ತು. ರಸ್ತೆ ಬದಿಯಲ್ಲಿ ಟೈಪ್ ಮಾಡಿಕೊಡುವ ರಂಗಣ್ಣನೆಂಬವನ ಮುಂದೆ ಹೋಗಿ ಕುಳಿತಿದ್ದೆ.

"ವರಮಾನ ಎಷ್ಟು ಹೊಡೀಲಿ ಸ್ವಾಮಿ?" ಎಂದು ಕೇಳಿದ.

"ಎಷ್ಟಿದೆಯೋ ಅಷ್ಟು."

ಅವನು ಬೆರಳುಗಳನ್ನು ಕೀಲಿಗಳಿಂದ ಎತ್ತಿ ನನ್ನನ್ನು ನೋಡಿದ. "ಇದ್ದಷ್ಟು ಹೊಡೆದ್ರೆ ಕೂಸಿಗೆ ಹಾಸ್ಟೆಲ್ ಸಿಕ್ಕ ಹಾಗೇ ಇದೆ. ಎಲ್ರಿಗೂ ಹನ್ನೊಂದು ಸಾವಿರವೇ ಮಾರಾಯ್ರೆ. ಕಾರಲ್ಲಿ ಬಂದೋರಿಗೂ ಹನ್ನೊಂದೇ."

"ಸುಳ್ಳಾಗ್ತದಲ್ಲ?"

"ಎಲ್ರೂ ಬರೆಸಿದ್ಮೇಲೆ ಸುಳ್ಳೆಂತದು? ಅದು ಪದ್ಧತಿ."

ಒಂದು ಶಕವರ್ಷದ ಒಂದಂಕೆಯ ಓದಿಗಾಗಿ ಸಹೋದ್ಯೋಗಿಗಳೊಡನೆ ಅರ್ಧ ದಿನ ವಾದಿಸುವ ನಾನು, ವರ್ಷಕ್ಕೆ ಐವತ್ತೇಳು ಸಾವಿರದ ಆರುನೂರರ ಜಾಗದಲ್ಲಿ ಹನ್ನೊಂದು ಸಾವಿರವೆಂದು ಟೈಪಾದ ಹಾಳೆಗೆ ಸಹಿ ಹಾಕಿದೆ. ರಂಗಣ್ಣನ ಮೇಲೆ ತಪ್ಪಿಲ್ಲ. ಪ್ರಮಾಣಪತ್ರ ಕೊಟ್ಟವರ ಮೇಲೂ ಇಲ್ಲ. ಅವರು ನನ್ನ ಮಾತನ್ನು ನಂಬಿದರು. ವರ್ಷ ತುಂಬುವಷ್ಟರಲ್ಲಿ ಆ ಅಂಕೆ ನನ್ನ ಮನಸ್ಸಿನಿಂದ ಎಷ್ಟು ಅಳಿಸಿಹೋಗಿತ್ತೆಂದರೆ, ವಿಷಯಸೂಚಿಯಲ್ಲಿ "೯. ಆದಾಯ ಪ್ರಮಾಣಪತ್ರ" ಎಂದು ದುಂಡಗೆ ಬರೆಯುವಾಗ ಕೈ ತಡೆಯಲಿಲ್ಲ. ಸಾಲ ಕೇಳುವಾಗ ಆದಾಯಕ್ಕೆ ಪತ್ರವಿರುವುದು ಒಳ್ಳೆಯದೇ ಎಂದುಕೊಂಡಿರಬೇಕು.

ಜೂನ್ ೧೦, ಗುರುವಾರ ಅರ್ಜಿ ಸಲ್ಲಿಸಿದೆ. ಹದಿನಾಲ್ಕು ಪುಟಗಳಿಗೂ ಬ್ಯಾಂಕಿನ ಮುದ್ರೆ ಬಿತ್ತು. ೧೭ ಕಳೆಯಿತು, ಆಷಾಢ ಹಿಡಿಯಿತು. ಮುಹೂರ್ತ ತಪ್ಪಿದರೂ ಕೋಣೆ ತಪ್ಪಲಿಲ್ಲವಲ್ಲ ಎಂದು ಸುಮತಿ ಸಮಾಧಾನ ಹೇಳಿದಳು. ಗೂಟಗಳ ಸುತ್ತ ಹುಲ್ಲು ಎದ್ದಿತು. ಆ ಆಷಾಢದಲ್ಲಿ ಎರಡು ಸಲ ಶೃಂಗೇರಿಗೆ ಹೋದೆ. ಎರಡು ಸಲವೂ ಅಕ್ಕ ಸಾಲದ ವಿಷಯ ತೆಗೆಯಲಿಲ್ಲ. ನಾನೇ ತೆಗೆದರೆ, "ಬಂದಾಗ ಬತ್ತು" ಎಂದು ಮಾತು ಬದಲಿಸುತ್ತಿದ್ದಳು.

ಜುಲೈ ೧೨, ಸೋಮವಾರ ಬ್ಯಾಂಕಿನಿಂದ ಕರೆ ಬಂತು. ವ್ಯವಸ್ಥಾಪಕರು ಕರಾವಳಿಯವರು, ನಾಯಕರೆಂದು ಹೆಸರು, ಮೃದುವಾದ ಮನುಷ್ಯ. ನನ್ನ ಕಡತವನ್ನು ಎರಡು ಕೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟರು.

"ಸಾರ್, ನನ್ನ ಸರ್ವೀಸಿನಲ್ಲಿ ಇಂಥ ಫೈಲ್ ನೋಡ್ಲಿಲ್ಲ. ಹೊಲಿಗೆ ಬೇರೆ ಹಾಕಿದ್ದೀರಿ! ಕೇಳಿದ್ದು ಮೂರು ಕಾಗದ, ನೀವು ಪುರಾಣ ಕೊಟ್ಟಿದ್ದೀರಿ."

ನಾನು ಹೆಮ್ಮೆಯಿಂದ ನಕ್ಕೆ. ಅವರು ನಗಲಿಲ್ಲ. ಒಂಬತ್ತನೆಯ ಪುಟವನ್ನು ತೆರೆದು ನನ್ನ ಕಡೆ ತಿರುಗಿಸಿದರು.

"ಇದೊಂದು ಯಾಕೆ ಕೊಟ್ರಿ?"

ಆ ಅಂಕೆಯನ್ನು ನಾನು ಓದಿದೆ. ಮತ್ತೆ ಓದಿದೆ.

"ನಿಮ್ಮ ಗೌರವಧನಕ್ಕೇ ಈ ಸಾಲ ಎಳೆದಾಡಿ ಕೂಡ್ತಿತ್ತು" ಎಂದರು. "ಹಳೇ ಕಂತು, ಹೊಸ ಕಂತು ಸೇರಿದ್ರೆ ವರಮಾನದ ಅರ್ಧ ದಾಟಬಾರದು ಅಂತ ನಮ್ಮಲ್ಲಿ ಉಂಟು. ನಿಮ್ದು ಅರ್ಧದ ಗೆರೆ ಮೇಲೇ ನಿಂತಿತ್ತು. ನಾನು ನಾಲ್ಕು ಒಳ್ಳೆ ಮಾತು ಬರೆದು ಮೇಲಕ್ಕೆ ಕಳಿಸ್ತಿದ್ದೆ. ಈಗ ಎರಡು ಕಾಗದ ಎರಡು ವರಮಾನ ಹೇಳ್ತಾ ಉಂಟು. ಎರಡಿದ್ರೆ ನಾವು ಕಡಿಮೆಯದ್ದನ್ನೇ ಹಿಡೀಬೇಕು. ಹನ್ನೊಂದು ಸಾವಿರದಲ್ಲಿ ನಿಮ್ಮ ಹಳೇ ಕಂತೇ ಕೂಡುದಿಲ್ಲ!"

"ಆ ಒಂದು ಹಾಳೆ ತೆಗೆದುಬಿಡಬಹುದಲ್ಲ?"

"ತೆಗೀಬಹುದಿತ್ತು ಸಾರ್. ಆದ್ರೆ ನೀವೇ ವಿಷಯಸೂಚಿ ಬರೆದು ನಂಬರ್ ಹಾಕಿದ್ದೀರಿ, ನಮ್ಮವ್ರು ಸೀಲ್ ಹಾಕಿದ್ದಾರೆ. ನಾಳೆ ಆಡಿಟ್‌ನವ್ರು ಬಂದು ಎಂಟಾದ ಮೇಲೆ ಹತ್ತು ಹೇಗೆ ಬಂತು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ದಾರಿ ಇನ್ನೊಂದಿತ್ತು. ಅದನ್ನು ಅವರೇ, ಧ್ವನಿ ತಗ್ಗಿಸಿ, ಹೇಳಿದರು. ಒಂಬತ್ತನೆಯ ಪುಟದ ಅಂಕೆ ತಪ್ಪು, ಗೌರವಧನದ ಪತ್ರವೇ ಸರಿ ಎಂದು ನಾನು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಅದೂ ದಾಖಲೆಯಾಗುತ್ತದೆ.

"ಅದು ಹಾಸ್ಟೆಲಿನವ್ರಿಗೆ ಗೊತ್ತಾದ್ರೆ ನಿಮ್ಮ ಮಗಳದ್ದೇನು? ಅದನ್ನು ನೀವು ಯೋಚಿಸಿ. ಎರಡು ದಿನ ನಾನು ಕಾಗದ ಕಳಿಸುದಿಲ್ಲ."

ಆ ಎರಡು ದಿನ ನಾನು ಏನು ಮಾಡಿದೆನೆಂಬುದಕ್ಕೆ ದಿನಚರಿಯಲ್ಲಿ ಒಂದಕ್ಷರವಿಲ್ಲ. ಹದಿಮೂರು, ಹದಿನಾಲ್ಕು ಖಾಲಿ. ಸುಮತಿಗೆ ಹೇಳಿದ್ದೆನೆಂಬುದು ನೆನಪಿದೆ. ಅವಳು ಅಕ್ಕಿ ಆರಿಸುತ್ತಲೇ, "ಶಾರದೆಗೆ ಇನ್ನೊಂದು ವರ್ಷ ಉಂಟು. ಅತ್ತಿಗೆಗೆ ಹದಿನೈದು ದಿನ ಉಂಟು. ನಾನು ಹೇಗೆ ಹೇಳ್ಲಿ, ನೀವೇ ಹೇಳಿ" ಎಂದಳು. ನಾನು ಬರೆದುಕೊಡಲಿಲ್ಲ. ಹೋಗದೆ ಇದ್ದದ್ದೇ ನನ್ನ ಉತ್ತರವಾಯಿತು. ೧೫ರಂದು ಪತ್ರ ಬಂತು.

ಜುಲೈ ೧೬, ಶುಕ್ರವಾರ ಬೆಳಗಿನ ಬಸ್ಸಿಗೆ ಶೃಂಗೇರಿಗೆ ಹೋದೆ. ಬಸ್ ಟಿಕೆಟ್ ದಿನಚರಿಯ ಪುಟಕ್ಕೆ ಅಂಟಿಕೊಂಡಿದೆ. ಅಕ್ಕ ಅಡುಗೆ ಮುಗಿಸಿ, ಹಿತ್ತಿಲ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ನಾನು ಪತ್ರ ಕೈಗಿತ್ತೆ. ಅವಳು ಓದು ಬಲ್ಲವಳು. ಪೂರ್ತಿ ಓದಿ ಮಡಿಚಿದಳು.

"ನಿನ್ನ ವರಮಾನ ಸಾಲದು ಅಂತ ಬ್ಯಾಂಕಿನವ್ರು ಹೇಳ್ಬೇಕಾಯ್ತಾ ಮಾಣಿ? ನಂಗೆ ಗೊತ್ತಿರ್ಲಿಲ್ವಾ?"

"ಇನ್ನೊಂದು ಕಡೆ ಕೇಳಿ ನೋಡ್ತೇನೆ ಅಕ್ಕ."

"ಕೇಳ್ಬೇಡ." ಬತ್ತಿಯನ್ನು ತಟ್ಟೆಗೆ ಹಾಕಿದಳು. "ಸುಮತಿಗೆ ಇಷ್ಟ ಇಲ್ಲ ಅನ್ನು, ಒಪ್ತೆ. ನಿಂಗೇ ಇಷ್ಟ ಇಲ್ಲ ಅನ್ನು, ಅದೂ ಒಪ್ತೆ. ಬ್ಯಾಂಕಿನ ಕಾಗದ ತಂದು ತೋರಿಸ್ಬೇಡ. ಸ್ವಂತ ಅಕ್ಕನ ಎದುರು ರುಜುವಾತು ಹಿಡ್ಕೊಂಡು ಬರ್ತಾರನಾ ಯಾರಾದ್ರೂ?"

ಅವಳು ನನ್ನ ಜೊತೆ ಅಂಥ ಧ್ವನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಒಂಬತ್ತನೆಯ ಪುಟದ ಮಾತು ಹೇಳಲು ಹೊರಟೆ. ಹೇಳಿದ್ದರೆ ಅವಳು ನಂಬುತ್ತಿದ್ದಳು. ಹೇಳಿದ್ದರೆ, ನಾನು ಸುಳ್ಳು ಬರೆಸಿದವನೆಂದೂ, ಮಗಳು ಅಕ್ಕ ಇಬ್ಬರಲ್ಲಿ ಮಗಳನ್ನು ಆರಿಸಿದವನೆಂದೂ ಹೇಳಿದಂತಾಗುತ್ತಿತ್ತು. ಹಾಗಾಗಿ ಅದನ್ನು ಬಿಟ್ಟು, "ಹಾಗಾದರೂ ಬಾರೇ. ನಡುಮನೆಯಲ್ಲಿರು. ಈರುಳ್ಳಿ ನಿಲ್ಲಿಸ್ತೇವೆ" ಎಂದೆ.

"ನನ್ನ ಸಲುವಾಗಿ ನೀವು ಬಾಯಿ ಕಟ್ಬೇಡಿ. ನಿಮ್ಮ ಒಲೆ ನಂಗಾಗ್ತಿಲ್ಲೆ, ನನ್ನ ಮಡಿ ನಿಮಗಾಗ್ತಿಲ್ಲೆ. ಹೋಗು, ಹನ್ನೆರಡರ ಬಸ್ ತಪ್ತು."

ಊಟಕ್ಕೆ ಏಳು ಎನ್ನದೆ ಅವಳು ನನ್ನನ್ನು ಕಳಿಸಿದ್ದು ಅದೊಂದು ದಿನ ಮಾತ್ರ.

ಆ ಸಿಟ್ಟಿನಲ್ಲೇ ಅವಳು ನರಸಿಂಹರಾಜಪುರದ ಒಂದು ಮನೆಯ ಅಡುಗೆ ಕೆಲಸವನ್ನು ಹಿಡಿದಳೆಂದು ನಾನು ತಿಳಿದಿದ್ದೆ. ಅಲ್ಲಿನ ಅಡಿಕೆ ವ್ಯಾಪಾರಿ ಶಿವಲಿಂಗಪ್ಪನವರು ಶೃಂಗೇರಿಗೆ ಬಂದಾಗಲೆಲ್ಲ ಆ ವಸತಿಗೃಹದಲ್ಲಿ ಉಣ್ಣುತ್ತಿದ್ದವರು. ಅಕ್ಕನ ಕೈರುಚಿ ಗೊತ್ತಿದ್ದವರು. ಲಿಂಗಧಾರಿಗಳ ಮನೆ, ಶುದ್ಧ ಸಸ್ಯಾಹಾರ, ತುಂಬಿದ ಕುಟುಂಬ. ತಮ್ಮನ ಒಲೆ ಮುಟ್ಟದವಳು ಪರರ ಮನೆಯ ಅಡುಗೆಗೆ ಹೋದಳಲ್ಲ ಎಂದು ಬಂಧುಗಳು ಆಡಿಕೊಂಡರು. ನನ್ನ ಮುಖದೆದುರೇ ಒಬ್ಬರು, "ಅಕ್ಕನಿಗೆ ಒಂದು ಒಲೆ ಹಾಕಿಸಿಕೊಡ್ಲಿಕ್ಕೆ ಸಂಶೋಧನೆ ಬೇಕಿತ್ತನಾ?" ಎಂದರು.

ಜುಲೈ ೩೧, ಶನಿವಾರ ಅವಳು ಹೊರಟಳು. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಚಿಕ್ಕ ಪಾತ್ರೆ, ಬಟ್ಟೆಯಲ್ಲಿ ಸುತ್ತಿದ ದೇವರು. ಕೊಪ್ಪದಲ್ಲಿ ಬಸ್ ಬದಲಿಸಬೇಕಿತ್ತು. ಅಲ್ಲಿ ನಾನು ಪೆಟ್ಟಿಗೆಯನ್ನು ಒಂದು ಬಸ್ಸಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಿದೆ. ನಮ್ಮ ಮನೆ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಅವಳು ಆ ಕಡೆ ನೋಡಲಿಲ್ಲ. ಸುಮತಿ ಬಾಳೆಹಣ್ಣು ತಂದಿದ್ದಳು. ಅದನ್ನು ಕಿಟಕಿಯಿಂದ ತೆಗೆದುಕೊಂಡು, "ಕೂಸಿಗೆ ಓದ್ಲಿಕ್ಕೆ ಹೇಳು" ಎಂದಳು. ನನ್ನೊಡನೆ ಮಾತಿಲ್ಲ.

ಆಮೇಲಿನದು ಬೇಗ ಹೇಳಬಹುದು. ಶಾರದೆ ಓದು ಮುಗಿಸಿ ತೀರ್ಥಹಳ್ಳಿಯಲ್ಲಿ ಶಾಲಾ ಶಿಕ್ಷಕಿಯಾದಳು. ೨೦೦೭ರಲ್ಲಿ ನನ್ನ ಹುದ್ದೆ ಕಾಯಂ ಆಯಿತು. ಮರುವರ್ಷ, ಯಾವ ಸಾಲವೂ ಇಲ್ಲದೆ, ಹತ್ತಡಿ ಹನ್ನೆರಡಡಿಯ ಆ ಕೋಣೆಯನ್ನು ಕಟ್ಟಿಸಿದೆ. ಕಿಟಕಿಯನ್ನು ಅವಳು ಗೂಟ ಸರಿಸಿದ ಜಾಗದಲ್ಲೇ ಇಡಿಸಿದೆ. ಕರೆಯಲು ನರಸಿಂಹರಾಜಪುರಕ್ಕೆ ಹೋದಾಗ ಅಕ್ಕ ಶಿವಲಿಂಗಪ್ಪನವರ ಮೊಮ್ಮಗುವಿಗೆ ಅನ್ನ ಕಲಸುತ್ತಿದ್ದಳು.

"ಕೋಣೆ ಆಗಿದೆ ಅಕ್ಕ."

"ಹೌದಾ? ಒಳ್ಳೆದಾಯ್ತು. ತಾಳೆಗರಿ ಇಟ್ಕೋ."

"ನಿನಗೆ ಅಂತ ಕಟ್ಟಿಸಿದ್ದು."

"ಇಲ್ಲಿ ನಂಗೆ ಒಲೆ ಉಂಟಲ್ಲ ಮಾಣಿ. ಈ ಕೂಸು ನನ್ನ ಕೈಯಿಂದಲ್ದೆ ಉಣ್ತಿಲ್ಲೆ. ಈಗೆಲ್ಲಿಗೆ ಬರ್ಲಿ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ೨೦೦೯ರ ಮಾಘದಲ್ಲಿ ಅವಳು ಅಲ್ಲಿಯೇ, ಎರಡು ದಿನದ ಜ್ವರದಲ್ಲಿ ತೀರಿಕೊಂಡಳು. ಸುದ್ದಿ ತಿಳಿದು ನಾನು ತಲುಪುವಷ್ಟರಲ್ಲಿ ಅವರ ಮನೆಯ ಹೆಂಗಸರು ಅವಳನ್ನು ಅವಳದೇ ಮಡಿಸೀರೆಯಲ್ಲಿ ಮಲಗಿಸಿದ್ದರು. ಕೋಣೆಯಲ್ಲಿ ಈಗ ನನ್ನ ಪುಸ್ತಕಗಳಿವೆ. ಒಲೆಯನ್ನು ಒಮ್ಮೆಯೂ ಹಚ್ಚಿಲ್ಲ.

ಇಷ್ಟು ವರ್ಷ ಈ ಘಟನೆಗಳನ್ನು ನಾನು ಒಂದೇ ಕ್ರಮದಲ್ಲಿ ನೆನೆದುಕೊಂಡು ಬಂದಿದ್ದೇನೆ: ಅಕ್ಕ ನನ್ನ ಕೋಣೆಗಾಗಿ ಕಾದಳು, ನನ್ನ ಸುಳ್ಳಿನಿಂದ ಸಾಲ ತಪ್ಪಿತು, ನಾನು ಬರಿಗೈಯಲ್ಲಿ ಹೋದೆ, ಆ ಮೇಲೆ ಅವಳು ಬೇರೆ ನೆಲೆ ಹುಡುಕಿಕೊಂಡಳು.

ಮೇಲಿನದನ್ನು ಬರೆದು ಮುಗಿಸಿದ ಬಳಿಕ, ಜುಲೈ ೩೧ರ ಒಂದು ದಿನಾಂಕಕ್ಕೆ ನನ್ನ ದಿನಚರಿಯ ಹೊರತು ಬೇರೆ ಆಧಾರವಿಲ್ಲವೆನಿಸಿ, ಶಿವಲಿಂಗಪ್ಪನವರ ಸೊಸೆ ಶೈಲಾ ಅವರಿಗೆ ಫೋನ್ ಮಾಡಿ ವಿಚಾರಿಸಿದೆ. ಅವರ ಅತ್ತೆ ಗೌರಮ್ಮನವರಿಗೆ ಬಂದ ಕಾಗದಗಳನ್ನೆಲ್ಲ 'ತಂತಿ'ಗೆ ಚುಚ್ಚಿ ಅಟ್ಟದ ತೊಲೆಗೆ ನೇತುಹಾಕುವ ರೂಢಿಯಿತ್ತಂತೆ. ಆ ತಂತಿ ಈಗಲೂ ಹಾಗೆಯೇ ಇದೆಯಂತೆ. ಎರಡು ದಿನ ಬಿಟ್ಟು ಶೈಲಾ ಒಂದು ಅಂಚೆಕಾರ್ಡಿನ ಎರಡೂ ಬದಿಯ ಚಿತ್ರ ಕಳಿಸಿದರು. ನಡುವೆ ತಂತಿಯ ತೂತು. ಅಕ್ಷರ ಅಕ್ಕನದು, ಅವಳ 'ಳ'ಕಾರದ ಬಾಲವನ್ನು ನಾನು ಎಲ್ಲಿಯಾದರೂ ಗುರುತಿಸಬಲ್ಲೆ. ಒಕ್ಕಣೆ ಇಷ್ಟು:

"ಗೌರಮ್ಮನವರಿಗೆ ಭಾಗೀರಥಿಯ ನಮಸ್ಕಾರ. ನಿಮ್ಮ ಯಜಮಾನರು ಕೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಜುಲೈ ಕೊನೆಗೆ ಬರುತ್ತೇನೆ. ನನಗೆ ಒಲೆ ಬೇರೆ ಬೇಕು, ಮೂಲೆಯಾದರೂ ಸಾಕು. ನನ್ನ ತಮ್ಮ ಕೋಣೆ ಕಟ್ಟಿಸುವ ಸಂಭ್ರಮದಲ್ಲಿದ್ದಾನೆ. ಅವನಿಗೆ ನಾನೇ ಹೇಳುತ್ತೇನೆ, ನೀವು ಯಾರೂ ಹೇಳಬೇಡಿ."

ಚಿತ್ರವನ್ನು ದೊಡ್ಡದು ಮಾಡಿ, ಭೂತಗನ್ನಡಿಯಿಟ್ಟು, ಸುಮತಿಯ ಕೈಯಲ್ಲೂ ಓದಿಸಿದ್ದೇನೆ. ಕಾರ್ಡಿನ ಮೇಲೆ ಅಕ್ಕ ತಾನೇ ಬರೆದ ತಾರೀಕು, ಶೃಂಗೇರಿಯ ಅಂಚೆಮುದ್ರೆಯ ತಾರೀಕು, ಎರಡೂ ಒಂದೇ: ೨೯ ಮೇ ೨೦೦೪, ಶನಿವಾರ. ನಾನು ಬ್ಯಾಂಕಿಗೆ ಅರ್ಜಿ ಕೊಟ್ಟದ್ದು ಅದಾಗಿ ಹನ್ನೆರಡು ದಿನಕ್ಕೆ. ಅವಳು ಕೊಪ್ಪಕ್ಕೆ ಬಂದು, ಹಗ್ಗದೊಳಗೆ ಕುಳಿತು, ಒಲೆಯ ಜಾಗವನ್ನು ತಟ್ಟಿ ತೋರಿಸಿದ್ದು ಅದರ ಮರುದಿನ.